ಮಳೆ ಕೊಡದ ದೇವರನ್ನು ಬಿಸಿಲಿಗೆ ಕೂರಿಸಿದ ಊರುಗಳು: ಚೀನಾದ ಡ್ರ್ಯಾಗನ್ ರಾಜನ ಬಗ್ಗೆ ಒಂದಷ್ಟು ಮಾತು

ಕೆರೆಕೋಡಿ:

ಹೋದ ವಾರ ಇಲ್ಲೇ ಕಪ್ಪೆ ಮದುವೆಯ ಫೋಟೊ ನೋಡಿ ಎಲ್ಲರೂ ನಕ್ಕಾಗ ನಾನು ಮಾತು ಕೊಟ್ಟಿದ್ದೆ, ಚೀನಾದ ಮಳೆದೇವರ ಬಗ್ಗೆ ಬರೀತೀನಿ ಅಂತ. ಬಿಸಿಲಿಂದಲೇ ಶುರು ಮಾಡ್ತೀನಿ.

ಉತ್ತರ ಚೀನಾದ ಹಳ್ಳಿಹಳ್ಳಿಯಲ್ಲೂ ಒಂದು ಕಾಲಕ್ಕೆ ಲುಂಗ್‌ವಾಂಗ್ ಗುಡಿ ಇರ್ತಿತ್ತು. ಲುಂಗ್ ಅಂದ್ರೆ ಡ್ರ್ಯಾಗನ್, ವಾಂಗ್ ಅಂದ್ರೆ ರಾಜ. ಮಳೆ ಇವನ ಖಾತೆ. ಮಳೆ ತಡವಾದರೆ ಮೊದಲು ಧೂಪ ಹಚ್ಚಿ ಅಡ್ಡಬೀಳೋದು, ಮಳೆ ಬಂದರೆ ನಾಟಕ ಆಡಿಸ್ತೀವಿ ಅಂತ ಹರಕೆ ಹೊರೋದು. ಅದಕ್ಕೂ ಜಗ್ಗದಿದ್ದರೆ ಮೂರ್ತಿಯನ್ನೇ ಗುಡಿಯಿಂದ ಹೊತ್ತು ತಂದು ಉರಿಬಿಸಿಲಲ್ಲಿ ಕೂರಿಸೋದು. ನಮ್ಮ ಪೈರು ಹೇಗೆ ಸುಡ್ತಿದೆ, ಸ್ವಲ್ಪ ನೀನೂ ಅನುಭವಿಸು ಅನ್ನೋ ಲೆಕ್ಕ. ಸರಪಳಿ ಬಿಗಿದದ್ದೂ ಉಂಟು, ಬಡಿದದ್ದೂ ಉಂಟು. 19ನೇ ಶತಮಾನದಲ್ಲಿ ಚೀನಾ ಸುತ್ತಿದ ಹುಕ್ ಅನ್ನೋ ಫ್ರೆಂಚ್ ಪಾದ್ರಿ ಇದಕ್ಕೂ ಮೀರಿದ ಒಂದು ಕಥೆ ಬರೆದಿಟ್ಟಿದ್ದಾನೆ. ಜ್ಯಾಚಿಂಗ್ ಚಕ್ರವರ್ತಿಯ ಕಾಲದಲ್ಲಿ ಎಷ್ಟು ಬೇಡಿದರೂ ಮಳೆ ಬರಲಿಲ್ಲವಂತೆ. ಸಿಟ್ಟಿಗೆದ್ದ ದೊರೆ ಡ್ರ್ಯಾಗನ್‌ಗೆ ಗಡೀಪಾರು ಶಿಕ್ಷೆ ಕೊಟ್ಟು, ದೂರದ ಇಲಿ ನದಿಯ ಕಡೆ ಹೊರಡಿಸಿಯೇ ಬಿಟ್ಟ. ಕೊನೆಗೆ ಬೀಜಿಂಗಿನ ಅಧಿಕಾರಿಗಳೆಲ್ಲ ದೊರೆಯ ಕಾಲಿಗೆ ಬಿದ್ದು ಮಾಫಿ ಕೊಡಿಸಿದರು.

ನಗು ಬರುತ್ತೆ, ನಿಜ. ಆದರೆ ಲುಂಗ್‌ವಾಂಗ್‌ನನ್ನು ಆ ಜನ ಸರ್ವಶಕ್ತ ಅಂತ ಯಾವತ್ತೂ ತಿಳಿದಿರಲಿಲ್ಲ. ಅವನು ಮೇಲಿನವರ ಆರ್ಡರ್ ಪ್ರಕಾರ ನೀರು ಬಿಡುವ ಅಧಿಕಾರಿ. 16ನೇ ಶತಮಾನದ 'ಪಶ್ಚಿಮ ಯಾತ್ರೆ' ಕಾದಂಬರಿಯಲ್ಲಿ ಜಿಂಗ್ ನದಿಯ ಡ್ರ್ಯಾಗನ್‌ಗೆ ಮೇಲಿಂದ ಆಜ್ಞೆ ಬರುತ್ತೆ: ಇಂಥ ಹೊತ್ತಿಗೆ ಮೋಡ, ಇಂಥ ಹೊತ್ತಿಗೆ ಗುಡುಗು, ಒಟ್ಟು ಮೂರು ಅಡಿ ಮೂರು ಅಂಗುಲ ನಲವತ್ತೆಂಟು ಹನಿ ಮಳೆ. ಇವನು ಒಬ್ಬ ಜೋಯಿಸನ ಮೇಲಿನ ಹಟಕ್ಕೆ ಬಿದ್ದು ಹೊತ್ತು ಬದಲಿಸ್ತಾನೆ, ಮೂರು ಅಂಗುಲ ಎಂಟು ಹನಿ ಕಡಿಮೆ ಸುರಿಸ್ತಾನೆ. ಅಷ್ಟಕ್ಕೇ ತಲೆ ಹೋಗುತ್ತೆ. ಎಂಟು ಹನಿಯ ಲೆಕ್ಕ ಇಡುವ ಸ್ವರ್ಗ ಅದು.

ಹಗೇವು:

ಎಂಟು ಹನಿ! ನಮ್ಮ ಹೋಬಳಿಯ ಮಳೆಮಾಪಕ ಅಷ್ಟು ಕರಾರುವಾಕ್ಕಾಗಿ ಇದ್ದಿದ್ದರೆ ಬೆಳೆವಿಮೆ ಯಾವತ್ತೋ ಕೈಸೇರ್ತಿತ್ತು.

ಒಂದು ಅನುಮಾನ. ಡ್ರ್ಯಾಗನ್ ಅಂದ್ರೆ ಬೆಂಕಿ ಉಗುಳೋದಲ್ವಾ? ಅದಕ್ಕೂ ಮಳೆಗೂ ಎಲ್ಲಿಂದೆಲ್ಲಿಗೆ?

ಕೆರೆಕೋಡಿ:

ಬೆಂಕಿ ಉಗುಳೋದು ಯುರೋಪಿನದು. ನಾವು ಎರಡಕ್ಕೂ ಒಂದೇ ಹೆಸರಿಟ್ಟು ಕೆಡಿಸಿಕೊಂಡಿದ್ದೀವಿ. ಕನ್ನಡದಲ್ಲಿ ಹಿಂದೆ 'ಘಟಸರ್ಪ' ಅಂತ ಬರೀತಿದ್ದರು, ಅದು ಇನ್ನೂ ಎಡವಟ್ಟು. ಚೀನಾದ ಲುಂಗ್ ನೀರಿನ ಜೀವಿ. ಚಳಿಗಾಲದಲ್ಲಿ ಮಡುವಿನ ತಳದಲ್ಲಿ ನಿದ್ದೆ, ವಸಂತದಲ್ಲಿ ಎದ್ದು ಆಕಾಶಕ್ಕೆ. ಸಾಮಾನ್ಯವಾಗಿ ರೆಕ್ಕೆ ಇರಲ್ಲ, ಆದರೂ ಹಾರುತ್ತೆ. ಊರಾಚೆಯ ಆಳವಾದ ಮಡು, ಬತ್ತದ ಬುಗ್ಗೆ, ಗವಿಯೊಳಗಿನ ಕೊಳ, ಇಂಥ ಕಡೆಯೆಲ್ಲ ಒಂದೊಂದು ಲುಂಗ್. ಬೀಜಿಂಗಿನ ಹೊರವಲಯದ ಹೈಲುಂಗ್‌ತಾನ್, ಅಂದ್ರೆ ಕರಿ ಡ್ರ್ಯಾಗನ್ ಮಡು, ಚಿಂಗ್ ಅರಸರೇ ಮಳೆ ಬೇಡೋಕೆ ಹೋಗ್ತಿದ್ದ ಜಾಗ.

ಪರ್ಜನ್ಯಪ್ರಿಯ:

ಇದರಲ್ಲಿ ಹೊಸದೇನಿದೆ? ನಮ್ಮ ನಾಗನೇ ಅಲ್ಲಿಗೆ ಹೋಗಿ ಲುಂಗ್ ಆದದ್ದು. ಬೌದ್ಧರು ಕೊಂಡೊಯ್ದರು, ಅವರು ಮೀಸೆ ಅಂಟಿಸಿದರು. ಎಲ್ಲದರ ಮೂಲ ಭಾರತವೇ.

ಕೆರೆಕೋಡಿ:

ಅರ್ಧ ಸರಿ, ಅರ್ಧ ತಪ್ಪು ಸ್ವಾಮಿ. ತಪ್ಪಿನ ಅರ್ಧ ಮೊದಲು.

ಬೌದ್ಧ ಧರ್ಮ ಚೀನಾ ಮುಟ್ಟೋಕೆ ಸಾವಿರ ವರ್ಷ ಮೊದಲೇ, ಶಾಂಗ್ ಅರಸರ ಕಾಲದ ಮೂಳೆ ಬರಹಗಳಲ್ಲಿ ಮಳೆಯದೇ ಗೋಳು. ಆಮೆ ಚಿಪ್ಪು, ದನದ ಹೆಗಲ ಮೂಳೆ ಕಾಯಿಸಿ ಬಿರುಕು ನೋಡಿ ಶಕುನ ಕೇಳೋರು: ಈ ಹತ್ತು ದಿನದಲ್ಲಿ ಮಳೆ ಬರುತ್ತಾ? ಬರ ಬಂದಾಗ ಮಣ್ಣಿನ ಡ್ರ್ಯಾಗನ್ ಮಾಡುವ ಮಾತನ್ನೂ ವಿದ್ವಾಂಸರು ಆ ಬರಹಗಳಲ್ಲಿ ಓದಿದ್ದಾರೆ. 'ಶಾನ್‌ಹಾಯ್ ಜಿಂಗ್' ಅನ್ನೋ ಹಳೇ ಗ್ರಂಥದಲ್ಲಿ ಯಿಂಗ್‌ಲುಂಗ್ ಅನ್ನೋ ಡ್ರ್ಯಾಗನ್‌ನ ಕಥೆ ಇದೆ. ಇವನು ಯುದ್ಧದಲ್ಲಿ ಕೊಂದು ಬಂದವನು, ಮತ್ತೆ ಆಕಾಶಕ್ಕೆ ಏರಲಾರ, ಅದಕ್ಕೇ ಭೂಮಿಗೆ ಆಗಾಗ ಬರ. ಬರ ಬಂದಾಗ ಜನ ಅವನ ರೂಪ ಮಾಡಿದರೆ ದೊಡ್ಡ ಮಳೆ. ಅದೇ ಯುದ್ಧದಲ್ಲಿ ಮಳೆ ನಿಲ್ಲಿಸೋಕೆ ಅಂತ ಇಳಿದು ಬಂದ ಬಾ ಅನ್ನೋ ಹೆಣ್ಣುದೇವತೆಯೂ ವಾಪಸು ಹೋಗಲಾರದೆ ಇಲ್ಲೇ ಉಳಿದಳು. ಅವಳು ಇದ್ದಲ್ಲಿ ಹನಿ ಬೀಳಲ್ಲ.

ಇನ್ನು ಡಾಂಗ್ ಝಾಂಗ್‌ಶು. ಕ್ರಿ.ಪೂ. 2ನೇ ಶತಮಾನದ ದೊಡ್ಡ ಪಂಡಿತ, ಕನ್‌ಫ್ಯೂಷಿಯಸ್ ಪಂಥದವನು. ಅವನ ಹೆಸರಲ್ಲಿರುವ ಗ್ರಂಥದಲ್ಲಿ ಮಳೆ ಬೇಡುವ ವಿಧಿಗೇ ಒಂದು ಅಧ್ಯಾಯ. ವಸಂತದಲ್ಲಿ ಬರ ಬಂದರೆ ಹಸಿರು ಡ್ರ್ಯಾಗನ್, ಎಂಟು ಝಾಂಗ್ ಉದ್ದ (ಆಗಿನ ಅಳತೆಯಲ್ಲಿ ಹೆಚ್ಚುಕಡಿಮೆ 18 ಮೀಟರ್), ಅದರ ಜೊತೆ ಅರ್ಧ ಉದ್ದದ ಏಳು ಮರಿಗಳು, ಎಲ್ಲವೂ ಪೂರ್ವಕ್ಕೆ ಮುಖ, ಕುಣಿಯೋಕೆ ಎಂಟು ಹುಡುಗರು. ಬೇಸಗೆಗೆ ಕೆಂಪು, ಏಳು ಝಾಂಗ್. ಬೇಸಗೆಯ ಕೊನೆಗೆ ಹಳದಿ, ಐದು. ಶರತ್ಕಾಲಕ್ಕೆ ಬಿಳಿ, ಒಂಬತ್ತು. ಚಳಿಗಾಲಕ್ಕೆ ಕಪ್ಪು, ಆರು. ಕೊಳ ತೋಡಿ ಐದು ಕಪ್ಪೆ ಬಿಡಬೇಕು. ಊರಿನ ದಕ್ಷಿಣ ಬಾಗಿಲು ಮುಚ್ಚಿ ಉತ್ತರದ ಬಾಗಿಲು ತೆಗೀಬೇಕು, ಯಾಕಂದ್ರೆ ದಕ್ಷಿಣ ಬಿಸಿಲಿನ ದಿಕ್ಕು. ಗಂಡಸರು ಕಣ್ಣಿಗೆ ಬೀಳಬಾರದು. ಮಳೆ ಜಾಸ್ತಿಯಾಗಿ ನಿಲ್ಲಿಸಬೇಕಾದರೆ ಇದೇ ವಿಧಿ ತಿರುಗುಮುರುಗು: ಹೆಂಗಸರು ಒಳಗೆ. ಇದರಲ್ಲಿ ನಾಗ ಎಲ್ಲೂ ಇಲ್ಲ.

ಈಗ ಸರಿಯಿರುವ ಅರ್ಧ. 'ರಾಜ' ಅನ್ನೋ ಬಿರುದು ನಮ್ಮ ಕಡೆಯಿಂದ ಹೋದದ್ದೇ. ಸಂಸ್ಕೃತದ 'ನಾಗರಾಜ'ನನ್ನು ಬೌದ್ಧ ಅನುವಾದಕರು 'ಲುಂಗ್‌ವಾಂಗ್' ಅಂತ ಕರೆದರು. ಕ್ರಿ.ಶ. 406ರಲ್ಲಿ ಕುಮಾರಜೀವ ಚೀನೀ ಭಾಷೆಗೆ ತಂದ ಸದ್ಧರ್ಮಪುಂಡರೀಕ ಸೂತ್ರದ ಶುರುವಿನಲ್ಲೇ ಎಂಟು ನಾಗರಾಜರು ಸಭೆಗೆ ಬಂದು ಕೂರ್ತಾರೆ. ಅದರಲ್ಲಿ ಒಬ್ಬ 'ಹೆ‌ಶಿಯೂಜಿ', ಇನ್ನೊಬ್ಬ 'ದೆಚಾಜಿಯಾ'. ಬಾಯಲ್ಲಿ ಎರಡು ಸಲ ಹೇಳಿ ನೋಡಿ. ವಾಸುಕಿ, ತಕ್ಷಕ! ಯಕ್ಷಗಾನದಲ್ಲಿ ಪರೀಕ್ಷಿತನನ್ನು ಕಚ್ಚೋ ಅದೇ ತಕ್ಷಕ.

ಪರ್ಜನ್ಯಪ್ರಿಯ:

ಅರ್ಧವಾದರೂ ಒಪ್ಪಿದಿರಲ್ಲ, ಸಾಕು. ಈ ಅನುವಾದಕರಲ್ಲಿ ದಕ್ಷಿಣದವರು ಯಾರಾದರೂ ಇದ್ದರೇ?

ಕೆರೆಕೋಡಿ:

ಇದ್ದ. ವಜ್ರಬೋಧಿ. ದಕ್ಷಿಣ ಭಾರತದಿಂದ ಸಮುದ್ರದ ದಾರಿಯಲ್ಲಿ ಹೋಗಿ ತಾಂಗ್ ವಂಶದ ರಾಜಧಾನಿ ಸೇರಿದ ತಾಂತ್ರಿಕ ಭಿಕ್ಷು, 741ರಲ್ಲಿ ತೀರಿಕೊಂಡ. ಶುವಾನ್‌ಜಾಂಗ್ ಚಕ್ರವರ್ತಿಗಾಗಿ ಮಳೆ ಬರಿಸಿದ ಪ್ರಸಂಗ ಅವನ ಚರಿತ್ರೆಯಲ್ಲಿದೆ. ಮಂಡಲ ಬರೆದು ವಿಧಿ ಮುಗಿಸಿದ್ದೇ ತಡ, ಗಾಳಿ ಎದ್ದು ಸೂರು ಕಿತ್ತು ಮಳೆ ಹೊಡೀತು. ಸ್ವಾಮಿಗಳು ಒಂದು ಡ್ರ್ಯಾಗನ್ ಹಿಡಿದಿದ್ದರಂತೆ, ಅದು ಸೂರು ತೂತು ಮಾಡಿ ಹಾರಿಹೋಯ್ತಂತೆ ಅಂತ ಪೇಟೆಯವರೆಲ್ಲ ಮಾತಾಡಿಕೊಂಡು ಆ ತೂತು ನೋಡೋಕೆ ಗುಂಪುಗುಂಪಾಗಿ ಬಂದರಂತೆ. ಅವನ ಶಿಷ್ಯ ಅಮೋಘವಜ್ರನೂ ಮಳೆ ತರಿಸುವುದರಲ್ಲಿ ಹೆಸರಾದವನು, ಮೇಘಸೂತ್ರವನ್ನು ಅನುವಾದಿಸಿದವನು. ಅಲ್ಲಿಂದ ಮುಂದೆ ಊರ ಮಡುವಿನ ಹಳೇ ಲುಂಗ್ ಮತ್ತು ಸೂತ್ರಗಳ ನಾಗರಾಜ ಬೆರೆತುಹೋದರು. ತಾವೋ ಪಂಥದವರು ತಮ್ಮ ಪಾಲಿನದನ್ನೂ ಸೇರಿಸಿದರು. 12ನೇ ಶತಮಾನದ ಶುರುವಿನಲ್ಲಿ ಸುಂಗ್ ವಂಶದ ಹುಯಿಜಾಂಗ್ ಚಕ್ರವರ್ತಿ ಐದು ಬಣ್ಣದ ಡ್ರ್ಯಾಗನ್‌ಗಳಿಗೂ ರಾಜಪದವಿ ದಯಪಾಲಿಸಿದ. ಬಣ್ಣ ಡಾಂಗ್ ಝಾಂಗ್‌ಶುದು, ಪದವಿ ನಾಗರಾಜನದು, ಸಹಿ ಮೊಹರು ಸರ್ಕಾರದ್ದು.

ನಾಗಬನ_ಉಡುಪಿ:

ನಮ್ಮಲ್ಲಿ ನಾಗನಿಗೂ ನೀರಿಗೂ ಸಂಬಂಧ ಇಲ್ಲ ಅಂತಲ್ಲ, ಆದ್ರೆ ತನು ಹಾಕುವವರು, ನಾಗಮಂಡಲ ಮಾಡಿಸುವವರು ಹೆಚ್ಚಾಗಿ ಸಂತಾನಕ್ಕೆ, ಚರ್ಮದ ಕಾಯಿಲೆಗೆ, ಕುಟುಂಬದ ದೋಷಕ್ಕೆ ಅಂತ ಮಾಡಿಸುವುದು. ಮಳೆ ನಮಗೆ ಬೇಡ ಅಂದರೂ ಬರ್ತದೆ ಮಾರಾಯ್ರೆ. ಹಾಗಾಗಿ ಹೆಸರು ಒಂದೇ ಆದ ಮಾತ್ರಕ್ಕೆ ಕೆಲಸ ಒಂದೇ ಅಲ್ಲ ಅನ್ನುವುದಕ್ಕೆ ನನ್ನ ವೋಟು.

ನಿಮ್ಮ ಬಿಸಿಲಿನ ಕಥೆಗಿಂತ ನನಗೆ ಬೇರೆ ಒಂದು ಕುತೂಹಲ. ಮಳೆ ಕೊಟ್ಟರೆ ಬಿರುದು, ಕೊಡದಿದ್ದರೆ ಬಿಸಿಲು. ಅಂದ್ರೆ ದೇವರ ಸತ್ಯ ಪರೀಕ್ಷೆ ಮಾಡಿಯೇ ನಂಬುವುದಾ?

ಕೆರೆಕೋಡಿ:

ಹೌದು. ಅದಕ್ಕೆ ಅವರಲ್ಲಿ 'ಲಿಂಗ್' ಅಂತ ಒಂದು ಪದ ಇದೆ. ಕೇಳಿದ್ದಕ್ಕೆ ಓಗೊಡುವ ಶಕ್ತಿ. ಇದಕ್ಕೆ ಕನ್ನಡದಲ್ಲಿ ಏನನ್ನೋದು ಅಂತ ತಲೆ ಕೆರೆದುಕೊಂಡಿದ್ದೀನಿ. ಮಹಿಮೆ? ಪವಾಡ?

ನಾಗಬನ_ಉಡುಪಿ:

ಕಾರಣಿಕ! ಕಾರಣಿಕದ ದೈವ ಅಂತ ನಾವು ಹೇಳುವುದಿಲ್ವಾ? ಇನ್ನೇನು ಬೇಕು ನಿಮಗೆ.

ಕೆರೆಕೋಡಿ:

ಅಯ್ಯೋ, ಎರಡು ವರ್ಷದಿಂದ ಹುಡುಕ್ತಿದ್ದ ಪದ. ಕೈ ಮುಗಿದೆ.

ಕಾರಣಿಕಕ್ಕೂ ಸರ್ಕಾರಿ ಬಿರುದಿಗೂ ಇರುವ ನಂಟಿಗೆ ಒಂದು ಪ್ರಸಂಗ ಕೇಳಿ. 1062ರಲ್ಲಿ ಕವಿ ಸು ಶಿ ಫೆಂಗ್‌ಶಿಯಾಂಗ್ ಅನ್ನೋ ಊರಲ್ಲಿ ಕಿರಿಯ ಅಧಿಕಾರಿ. ಬರ ಬಂತು. ಅಲ್ಲಿನ ತಾಯ್‌ಬಾಯ್ ಬೆಟ್ಟದ ದೇವರಿಗೆ ಮೊರೆಯಿಟ್ಟರೂ ಸರಿಯಾಗಿ ಮಳೆಯಿಲ್ಲ. ದಾಖಲೆ ತೆಗೆಸಿ ನೋಡಿದರೆ ತಾಂಗ್ ಕಾಲದಲ್ಲಿ ಆ ದೇವರಿಗೆ 'ಡ್ಯೂಕ್' ದರ್ಜೆಯ ಪದವಿ ಇತ್ತು, ಸುಂಗ್ ಸರ್ಕಾರ ಒಂದು ಮೆಟ್ಟಿಲು ಕೆಳಗಿಳಿಸಿದೆ! ಸು ಶಿ ಅರ್ಜಿ ಬರೆದು ಹಳೇ ದರ್ಜೆ ವಾಪಸು ಕೊಡಿಸಿದ. ಬಡ್ತಿ ತಪ್ಪಿಸಿದರೆ ಯಾವ ನೌಕರ ಮನಸಿಟ್ಟು ಕೆಲಸ ಮಾಡ್ತಾನೆ? ಆ ವರ್ಷವೇ ಬಂದ ಮಳೆಯ ನೆನಪಿಗೆ ತಾನು ಕಟ್ಟಿದ ಮಂಟಪಕ್ಕೆ 'ಸಂತಸದ ಮಳೆ' ಅಂತಲೇ ಹೆಸರಿಟ್ಟ.

ಹುರುಳಿಕಾಳು:

ನೀವೆಲ್ಲ ಕಥೆ ಹೇಳ್ತಾ ಕೂತಿದ್ದೀರಿ. ಮೂಢನಂಬಿಕೆಗೆ ಇಷ್ಟು ಮುದ್ದು ಬೇಕಾ? ಪೂಜೆ ಮಾಡಿದ್ದಕ್ಕೂ ಮಳೆ ಬಂದದ್ದಕ್ಕೂ ಸಂಬಂಧ ಇಲ್ಲ ಅಂತ ಅಲ್ಲಿ ಯಾರೂ ಹೇಳಲೇ ಇಲ್ವಾ?

ಓಲೆಗರಿ:

ಕೆರೆಕೋಡಿಯವರ ಬದಲು ನಾನು ಹೇಳ್ತೀನಿ. ನಿಮ್ಮದೇ ಮಾತನ್ನ ಕ್ರಿ.ಪೂ. 3ನೇ ಶತಮಾನದಲ್ಲೇ ಶ್ಯುನ್‌ತ್ಸು ಅನ್ನೋ ದಾರ್ಶನಿಕ ಹೇಳಿಬಿಟ್ಟಿದ್ದಾನೆ. ಮಳೆಪೂಜೆ ಮಾಡಿದೆವು, ಮಳೆ ಬಂತು, ಇದೇನು? ಏನೂ ಇಲ್ಲ, ಪೂಜೆ ಮಾಡದಿದ್ದರೂ ಬರುತ್ತಲ್ಲ ಹಾಗೆ. ಆದರೆ ಪೂಜೆ ಬಿಡಿ ಅಂತ ಅವನು ಹೇಳಲಿಲ್ಲ. ತಿಳಿದವರಿಗೆ ಅದೊಂದು ಶಿಷ್ಟಾಚಾರ, ಜನಕ್ಕೆ ಅದೇ ದೇವರು ಅಂದ.

ಅದಕ್ಕೂ ಹಿಂದೆ ಕ್ರಿ.ಪೂ. 639ರಲ್ಲಿ ಲು ರಾಜ್ಯಕ್ಕೆ ದೊಡ್ಡ ಬರ. ದೊರೆ ಮಾಟಗಾತಿಯನ್ನೂ ಒಬ್ಬ ಅಂಗವಿಕಲನನ್ನೂ ಸುಡಲು ಹೊರಟ. ಮಂತ್ರಿ ಜಾಂಗ್ ವೆನ್‌ಝಾಂಗ್ ತಡೆದ. ಇದು ಬರಕ್ಕೆ ಮದ್ದಲ್ಲ, ಕೋಟೆ ರಿಪೇರಿ ಮಾಡಿಸಿ, ಊಟ ಕಡಿಮೆ ಮಾಡಿ, ಖರ್ಚು ಇಳಿಸಿ, ಇದ್ದವರು ಇಲ್ಲದವರಿಗೆ ಹಂಚಲಿ, ಆ ಬಡಪಾಯಿಗಳು ಏನು ಮಾಡಿಯಾರು ಅಂದ. ದೊರೆ ಕೇಳಿದ. ಆ ವರ್ಷ ಹಸಿವಿತ್ತು, ಆದರೆ ಜನಕ್ಕೆ ಹಾನಿಯಾಗಲಿಲ್ಲ ಅಂತ ದಾಖಲೆ. ಬರಪರಿಹಾರ ಕಾಮಗಾರಿ ಅಂತ ನಾವು ಇವತ್ತು ಮಾಡೋದೂ ಅದೇ ತಾನೆ.

ತಮಾಷೆ ಅಂದ್ರೆ ವಾಂಗ್ ಚಾಂಗ್ ಅನ್ನೋ 1ನೇ ಶತಮಾನದ ಮಹಾ ಸಂಶಯವಾದಿ. ಡ್ರ್ಯಾಗನ್ ಆಕಾಶಕ್ಕೆ ಹಾರುತ್ತೆ ಅನ್ನೋದು ಸುಳ್ಳು ಅಂತ ಒಂದು ಅಧ್ಯಾಯ ಬರೆದ. ಇನ್ನೊಂದು ಅಧ್ಯಾಯದಲ್ಲಿ ಡಾಂಗ್ ಝಾಂಗ್‌ಶುವಿನ ಮಣ್ಣಿನ ಡ್ರ್ಯಾಗನ್ ಸರಿ ಅಂತ ಸಾಲುಸಾಲು ಸಮರ್ಥನೆ ಕೊಟ್ಟ!

ಹುರುಳಿಕಾಳು:

ಎರಡು ದೋಣಿಯಲ್ಲಿ ಕಾಲು. ನಮ್ಮಲ್ಲಿ 2019ರಲ್ಲಿ ಮುಜರಾಯಿ ಇಲಾಖೆ ದೇವಸ್ಥಾನಗಳಲ್ಲಿ ಪರ್ಜನ್ಯ ಹೋಮ ಮಾಡಿಸಿ ಅಂದಿತ್ತಲ್ಲ, 2017ರಲ್ಲಿ ಅದೇ ಸರ್ಕಾರಿ ದುಡ್ಡಲ್ಲಿ 'ವರ್ಷಧಾರಿ' ವಿಮಾನ ಹಾರಿಸಿ ಮೋಡ ಬಿತ್ತನೆ. 2003ರಲ್ಲಿ ಮಾಡಿದ ಮೋಡ ಬಿತ್ತನೆಗಂತೂ ಹೆಸರೇ 'ವರುಣ'.

ಬೆಳವಲದಾಂವ:

ನಮ್ಮ ಕಡೆ ಗುರ್ಜಿ ಹೊತ್ತು ಮನಿಮನಿಗೆ ಹೋಗ್ತಿದ್ವಿ ಸಣ್ಣಾವ್ರಿದ್ದಾಗ. ಸಗಣಿ ಗುರ್ಜಿ, ತಲಿ ಮ್ಯಾಲೆ ಗರಿಕಿ, ಮನಿಯಾಕಿ ತಂಬಿಗಿ ನೀರು ಸುರೀತಿದ್ಲು. ಮಳಿ ಬರ್ಲಿ ಬಿಡ್ಲಿ, ಜೋಳ ಸಿಗ್ತಿತ್ತು. ಚೀನಾದಾಗ ಹುಡುಗ್ರಿಗೆ ಇಂಥಾ ಕೆಲಸ ಇರ್ಲಿಲ್ಲೇನ್ರಿ?

ಓಲೆಗರಿ:

ಇತ್ತು, ಅದೂ ಸರ್ಕಾರಿ ಆಜ್ಞೆ. 1077ರ ಬೇಸಗೆಯಲ್ಲಿ ಸುಂಗ್ ಸರ್ಕಾರ 'ಓತಿಕ್ಯಾತ ವಿಧಿ' ಹೊರಡಿಸಿತು. ಹತ್ತಾರು ಓತಿಕ್ಯಾತ ಹಿಡಿದು ಹಂಡೆಗೆ ಹಾಕಿ ಮೇಲೆ ಎಲೆ ತುಂಬಬೇಕು. ಹತ್ತರಿಂದ ಹದಿಮೂರು ವರ್ಷದ 28 ಹುಡುಗರು ಹಸಿರು ಬಟ್ಟೆ ಉಟ್ಟು, ಮುಖ ಕೈಕಾಲಿಗೆ ಹಸಿರು ಬಳಿದುಕೊಂಡು, ವಿಲೋ ಕೊಂಬೆಯಲ್ಲಿ ನೀರು ಚಿಮುಕಿಸ್ತಾ ಹಗಲೂ ರಾತ್ರಿ ಪಾಳಿಯಲ್ಲಿ ಸುತ್ತಬೇಕು. ಮೋಡ ಎಬ್ಬಿಸು, ಮಂಜು ಉಗುಳು, ಮಳೆ ಸುರಿದರೆ ನಿನ್ನ ಬಿಟ್ಟುಬಿಡ್ತೀವಿ ಅಂತ ಓತಿಕ್ಯಾತನಿಗೆ ಹಾಡಬೇಕು. ಓತಿಕ್ಯಾತ ಅಂದ್ರೆ ಡ್ರ್ಯಾಗನ್‌ನ ಬಡ ನೆಂಟ ಅಂತ ಅವರ ಎಣಿಕೆ.

ರಾಜಧಾನಿ ಕೈಫೆಂಗಿನಲ್ಲಿ ಅಷ್ಟು ಓತಿಕ್ಯಾತ ಎಲ್ಲಿ ಸಿಗಬೇಕು? ಗೋಡೆ ಮೇಲಿನ ಹಲ್ಲಿ ಹಿಡಿದು ತುಂಬಿಸಿದರು. ನೀರಲ್ಲಿ ಹಲ್ಲಿ ಸತ್ತುಹೋಗುತ್ತೆ. ಆಗ ಬೀದಿ ಹುಡುಗರು ಹಾಡನ್ನೇ ತಿರುಚಿದರು: ಅನ್ಯಾಯ ಅನ್ಯಾಯ, ನಾನು ಬರೀ ಹಲ್ಲಿ, ಇಷ್ಟು ಮಂಕಾಗಿರುವ ನನ್ನಿಂದ ಎಲ್ಲಿಯ ಸಿಹಿಮಳೆ!

ಬೆಳವಲದಾಂವ:

ಹಹ್ಹಾ! ಟೆಂಡರ್‌ನ್ಯಾಗ ಓತಿಕ್ಯಾತ, ಸಪ್ಲೈ ಆಗಿದ್ದು ಹಲ್ಲಿ. ಒಂಬೈನೂರು ವರ್ಷ ಆದ್ರೂ ಏನೂ ಬದಲಾಗಿಲ್ಲ ನೋಡ್ರಿ.

ಹಗೇವು:

ಒಂದು ಕೆಟ್ಟ ನೆನಪು ಹೇಳಲೇಬೇಕು. ನಮ್ಮ ಅಜ್ಜಿ ಹೇಳೋರು, ತೊನ್ನು ಇದ್ದವರನ್ನು ಸತ್ತಾಗ ಹೂತರೆ ಊರಿಗೆ ಮಳೆ ಬರಲ್ಲ ಅಂತ. ಒಂದು ಬರದ ವರ್ಷ ರಾತ್ರೋರಾತ್ರಿ ಗುಣಿ ತೋಡಿ ಹೆಣ ತೆಗೆದು ಸುಟ್ಟಿದ್ದನ್ನ ಅವರೇ ಹುಡುಗಿಯಾಗಿದ್ದಾಗ ಕಂಡಿದ್ದರಂತೆ. ಚೀನಾದಲ್ಲಿ ಬರೀ ಡ್ರ್ಯಾಗನ್ ಅಂತ ನೀವು ಚಂದದ್ದನ್ನೇ ಹೇಳ್ತಿದ್ದೀರಿ.

ಓಲೆಗರಿ:

ಚಂದದ್ದಷ್ಟೇ ಅಲ್ಲ ಅಲ್ಲಿಯೂ. ಮೇಲೆ ಬಂದ ಬಾ ದೇವತೆ ಕಾಲ ಕಳೆದ ಹಾಗೆ 'ಹಾನ್‌ಬಾ' ಅನ್ನೋ ಬರದ ಪಿಶಾಚಿ ಆದಳು. ಮಿಂಗ್, ಚಿಂಗ್ ಕಾಲಕ್ಕೆ ಬರುವಾಗ ಅದು ಇತ್ತೀಚೆಗೆ ಹೂತ, ಕೊಳೆಯದ ಹೆಣ ಅನ್ನೋ ನಂಬಿಕೆ ಉತ್ತರದ ಹಳ್ಳಿಗಳಲ್ಲಿ ಬಲವಾಯಿತು. ಮಳೆ ಬರದಿದ್ದರೆ ಜನ ಗುಂಪುಗೂಡಿ ಯಾರದೋ ಗೋರಿ ಅಗೆದು ಹೆಣವನ್ನು ಬಡಿದು ಸುಡೋರು. ಸರ್ಕಾರ ನಿಷೇಧಿಸಿತ್ತು. ಆದರೂ ನಿಲ್ಲಲಿಲ್ಲ. ನಿಮ್ಮ ಅಜ್ಜಿ ಕಂಡದ್ದಕ್ಕೂ ಇದಕ್ಕೂ ಏನೂ ನಂಟಿಲ್ಲ, ಎರಡೂ ಬೇರೆ ಬೇರೆ ಕಡೆ ಹುಟ್ಟಿದ್ದು, ಅದಕ್ಕೇ ಓದಿದಾಗ ಮೈ ಜುಮ್ಮೆಂದಿತ್ತು.

ಇನ್ನೊಂದು ನಂಟು ಮಾತ್ರ ನಿಜವಾದದ್ದು. ನಮ್ಮ ಧಾತು ಈಶ್ವರ ಸಂವತ್ಸರದ ಬರ ಗೊತ್ತಲ್ಲ, 1876ರಿಂದ 78? 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಅದೇ ವರ್ಷಗಳಲ್ಲಿ ಉತ್ತರ ಚೀನಾದಲ್ಲೂ ಮಳೆ ಕೈಕೊಟ್ಟು 90 ಲಕ್ಷದಿಂದ 1 ಕೋಟಿ 30 ಲಕ್ಷ ಜನ ಸತ್ತರು ಅಂತ ಅಂದಾಜು. ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ಎದ್ದ ಭಾರೀ ಎಲ್ ನಿನೊ ಎರಡೂ ಕಡೆಯ ಮುಂಗಾರನ್ನು ಒಟ್ಟಿಗೇ ಮುರಿದಿತ್ತು. ಇಲ್ಲಿ ಮಾರಮ್ಮನಿಗೆ, ಅಲ್ಲಿ ಲುಂಗ್‌ವಾಂಗ್‌ಗೆ ಜನ ಮೊರೆಯಿಡ್ತಿದ್ದದ್ದು ಒಂದೇ ಮಳೆಗೆ.

ಚಾ_ಬಟ್ಟಲು:

ನಾನು ಶಿಯಾನ್‌ನಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ, ಗಂಡ ಇಲ್ಲಿಯವರು. ಮೊದಲಿಂದ ಓದ್ತಾ ಬಂದೆ. ಒಂದೆರಡು ಸಂಗತಿ ಸೇರಿಸಲಾ?

ಇಲ್ಲಿ ಮಳೆ ಹೆಚ್ಚಾಗಿ ಬೀಳೋದು ಜುಲೈಯಿಂದ ಸೆಪ್ಟೆಂಬರ್‌ವರೆಗೆ. ವಸಂತದಲ್ಲಿ ಮಳೆ ಕಡಿಮೆ. ಗೋಧಿ ಬೆಳೆಯೋ ಹೊತ್ತಿಗೇ ನೀರಿಲ್ಲ. ವಸಂತದ ಮಳೆ ಎಣ್ಣೆಯಷ್ಟು ತುಟ್ಟಿ ಅಂತ ಗಾದೆ. ನಮ್ಮತ್ತೆ ನಲ್ಲಿ ಜೋರಾಗಿ ಬಿಟ್ಟರೂ ಅದೇ ಗಾದೆ ಹೇಳಿ ಬೈತಾರೆ.

ಮಾವನ ಊರು ಇದೇ ಶಾನ್‌ಶಿ ಪ್ರಾಂತ್ಯದ ಉತ್ತರಕ್ಕೆ, ಹಳದಿ ಮಣ್ಣಿನ ದಿಣ್ಣೆಗಳ ಸೀಮೆ. (ಪಕ್ಕದಲ್ಲಿ ಇನ್ನೊಂದು ಶಾನ್‌ಶಿ ಇದೆ, ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ಏನು ಮಾಡೋದು.) ಮಾವ ಹುಡುಗನಾಗಿದ್ದಾಗಿನ ಮಳೆ ಮೆರವಣಿಗೆ ಹೇಳ್ತಾರೆ. ಗಂಡಸರು ಬರಿಗಾಲು, ತಲೆಗೆ ವಿಲೋ ಕೊಂಬೆಯ ಸಿಂಬಿ, ಲುಂಗ್‌ವಾಂಗ್ ಪಲ್ಲಕ್ಕಿ ಹೆಗಲ ಮೇಲೆ. ಒಬ್ಬ ಎಳೆದು ಹಾಡಿದರೆ ಉಳಿದವರು ಮಂಡಿಯೂರಿ ಸೊಲ್ಲು ಕೊಡೋದು. ಮೆರವಣಿಗೆ ಹಾದು ಹೋಗುವಾಗ ದಾರಿಯಲ್ಲಿ ಯಾರೂ ಕೊಡೆ, ಹುಲ್ಲು ಟೋಪಿ ಹಾಕಿರಬಾರದು. ಮಳೆ ಕರೀತಾ ಇರುವಾಗ ಮಳೆಗೆ ಅಡ್ಡ ಹಿಡಿಯೋದೇ? ದೂರದ ಮಡುವಿಂದ ಸೀಸೆಯಲ್ಲಿ ಸ್ವಲ್ಪ ನೀರು ತಂದು ಗುಡಿಯಲ್ಲಿಡ್ತಿದ್ದರಂತೆ. ಅದು ಇದ್ದಕ್ಕಿದ್ದಂತೆ ಹೆಚ್ಚಾಯಿತು ಅನ್ನಿಸಿದರೆ ಮಳೆ ಖಂಡಿತ.

ಯೂಲಿನ್ ಹತ್ತಿರ ಲುಂಗ್‌ವಾಂಗ್‌ಗೌ ಕಣಿವೆಯಲ್ಲಿ ಕರಿ ಡ್ರ್ಯಾಗನ್ ಮಹಾರಾಜನ ಗುಡಿ ಇದೆ, ಭಾರೀ ಕಾರಣಿಕ (ಈಗ ಪದ ಸಿಕ್ಕಿತಲ್ಲ). ಸಾಂಸ್ಕೃತಿಕ ಕ್ರಾಂತಿಯಲ್ಲಿ ಕೆಡವಿದ್ದು, 80ರ ದಶಕದಲ್ಲಿ ಊರವರೇ ಮತ್ತೆ ಕಟ್ಟಿದರು. ಚಾಂದ್ರಮಾನ 6ನೇ ತಿಂಗಳ 13ಕ್ಕೆ ಜಾತ್ರೆ, ನಾಟಕ, ಪಟಾಕಿ, ಕುರಿ ಮಾಂಸದ ಸೂಪು. ಈಗ ಅಲ್ಲಿ ಮಳೆ ಕೇಳೋರಿಗಿಂತ ವ್ಯಾಪಾರ, ಪರೀಕ್ಷೆ, ಮದುವೆ ಅಂತ ಶಕುನದ ಕಡ್ಡಿ ಅಲ್ಲಾಡಿಸೋರೇ ಹೆಚ್ಚು. ಹುಂಡಿ ದುಡ್ಡಲ್ಲಿ ಶಾಲೆ ಕಟ್ಟಿದ್ದಾರೆ, ಬೋಳು ಗುಡ್ಡದ ಮೇಲೆ ದೊಡ್ಡ ಸಸ್ಯವನ ಬೆಳೆಸಿದ್ದಾರೆ. ಆಡಮ್ ಯೂಟ್ ಚೌ ಅನ್ನೋ ಮಾನವಶಾಸ್ತ್ರಜ್ಞರು ಈ ಗುಡಿಯ ಮೇಲೆ ಒಂದು ಇಡೀ ಪುಸ್ತಕವನ್ನೇ ಬರೆದಿದ್ದಾರೆ. ಮರ ನೆಟ್ಟ ಗುಡಿಯನ್ನು ಯಾವ ಅಧಿಕಾರಿಯೂ ಸುಲಭವಾಗಿ ಮೂಢನಂಬಿಕೆ ಅಂತ ಮುಚ್ಚಿಸಲಾರ. ನನಗಂತೂ ಅದು ಡ್ರ್ಯಾಗನ್‌ಗಿಂತ ದೊಡ್ಡ ಜಾಣತನ ಅನ್ನಿಸಿತು.

ಕೆರೆಕೋಡಿ:

ಈ ಜಾಣತನಕ್ಕೆ ಇನ್ನೊಂದು ಜೋಡಿ. ಹೆಬೆಯ್ ಪ್ರಾಂತ್ಯದ ಫಾನ್‌ಝುವಾಂಗ್ ಹಳ್ಳಿಯಲ್ಲಿ ಮೂರ್ತಿ ಇಲ್ಲ, 'ಡ್ರ್ಯಾಗನ್ ಫಲಕ'ಕ್ಕೆ ಪೂಜೆ. 2003ರಲ್ಲಿ ಅದಕ್ಕೊಂದು ಕಟ್ಟಡ ಎದ್ದಾಗ ಬೋರ್ಡ್ ಬಿದ್ದದ್ದು 'ಡ್ರ್ಯಾಗನ್ ಸಂಸ್ಕೃತಿ ವಸ್ತುಸಂಗ್ರಹಾಲಯ' ಅಂತ. ಒಳಗೆ ಧೂಪದ ಹೊಗೆ, ಹೊರಗೆ ಮ್ಯೂಸಿಯಂ.

ಸರ್ಕಾರಕ್ಕೂ ಡ್ರ್ಯಾಗನ್‌ಗೂ ಪೈಪೋಟಿ ಇದ್ದದ್ದು 1958ರಲ್ಲಿ. ಮಾವೋನ 'ಮಹಾ ಮುನ್ನೆಗೆತ'ದ (ಗ್ರೇಟ್ ಲೀಪ್ ಫಾರ್ವರ್ಡ್) ವರ್ಷ ಶಾನ್‌ಶಿಯಿಂದ (ಶಿಯಾನ್ ಇರೋದು!) ಬಂದ ಒಂದು ಹಾಡು ದೇಶವೆಲ್ಲ ಹರಡಿತು. ಆಕಾಶದಲ್ಲಿ ಜೇಡ್ ಚಕ್ರವರ್ತಿ (ಸ್ವರ್ಗದ ದೊರೆ) ಇಲ್ಲ, ಭೂಮಿಯಲ್ಲಿ ಡ್ರ್ಯಾಗನ್ ರಾಜ ಇಲ್ಲ, ನಾನೇ ಚಕ್ರವರ್ತಿ, ನಾನೇ ಡ್ರ್ಯಾಗನ್ ರಾಜ, ಬೆಟ್ಟಗಳೇ ದಾರಿ ಬಿಡಿ ಅನ್ನೋ ಅರ್ಥ. ಅದೇ ವರ್ಷ ಜಿಲಿನ್ ಪ್ರಾಂತ್ಯದಲ್ಲಿ ಅವರ ಮೊದಲ ಮೋಡ ಬಿತ್ತನೆ ವಿಮಾನ ಹಾರಿತು. ಮರುವರ್ಷದಿಂದ ಶುರುವಾದ ಮಹಾಕ್ಷಾಮದಲ್ಲಿ ಬಿಸಿಲಿಗೆ ಕೂರಿಸೋಕೆ ಗುಡಿಯಲ್ಲಿ ದೇವರಿರಲಿಲ್ಲ. ಇದ್ದವರನ್ನು ಕೂರಿಸೋ ಧೈರ್ಯ ಯಾರಿಗೂ ಇರಲಿಲ್ಲ.

ಬೆಳವಲದಾಂವ:

ಆ ಕಡೀ ಮಾತು ಭಾಳ ಆತು ನೋಡ್ರಿ. ಎದಿಗೆ ನಾಟ್ತು.

ನಮ್ಮ ಕಾಲುವೆ ನೀರಿನ ಜಗಳ ನೋಡಿ ನೋಡಿ ಸಾಕಾಗೇದ. ಅಲ್ಲೆ ಗುಡಿ ಇದ್ದಲ್ಲೆ ನೀರಿನ ಜಗಳ ಇರ್ಲಿಲ್ಲೇನು?

ಓಲೆಗರಿ:

ಗುಡಿ ಇದ್ದದ್ದೇ ಆ ಜಗಳಕ್ಕೆ. ಅಸ್ಸಾಮಿನಲ್ಲಿ ಹುಟ್ಟಿದ ಇತಿಹಾಸಕಾರ ಪ್ರಸೇನ್‌ಜಿತ್ ದುವಾರಾ ಅವರು ಹೆಬೆಯ್ ಪ್ರಾಂತ್ಯದ ಶಿಂಗ್‌ತಾಯ್ ಬಗ್ಗೆ ತೋರಿಸಿದ್ದು ಇದನ್ನೇ. ಒಂದೇ ತೂಬಿನ ನೀರು ಹಂಚಿಕೊಳ್ಳುವ ಹಳ್ಳಿಗಳು ಸೇರಿ ಸಂಘ ಕಟ್ಟಿಕೊಂಡಿದ್ದವು. ಸಂಘದ ಸಭೆ, ಪಾಳಿಯ ಲೆಕ್ಕ, ದಂಡ ಎಲ್ಲ ಲುಂಗ್‌ವಾಂಗ್ ಗುಡಿಯ ಸುತ್ತಲೇ. ದೇವರ ಎದುರು ಕೂತು ಮಾಡಿದ ಲೆಕ್ಕ ತಪ್ಪಿಸಲಾಗದು.

ಆ ಇನ್ನೊಂದು ಶಾನ್‌ಶಿಯ ಹುಂಗ್‌ತುಂಗ್‌ನಲ್ಲಿ ಹುವೋ ಬುಗ್ಗೆಯ ಪಕ್ಕ ಜಲದೇವರ ಗುಡಿ ಇದೆ. ಗೋಡೆ ಮೇಲೆ ಮಳೆ ಬೇಡುವ ಚಿತ್ರ, 1324ರ ಒಂದು ನಾಟಕ ಮೇಳದ ಚಿತ್ರ. ಆ ಬುಗ್ಗೆಯ ನೀರನ್ನು ಝಾವ್‌ಚೆಂಗ್, ಹುಂಗ್‌ತುಂಗ್ ಅನ್ನೋ ಎರಡು ತಾಲ್ಲೂಕು ಏಳು-ಮೂರು ಪಾಲು ಮಾಡಿಕೊಂಡಿದ್ದವು. ಯಾಕೆ ಏಳು-ಮೂರು ಅಂದ್ರೆ ಕಥೆ: ಕುದಿಯೋ ಎಣ್ಣೆ ಕೊಪ್ಪರಿಗೆಗೆ ಹತ್ತು ಕಾಸು ಹಾಕಿದರು, ಎಷ್ಟು ಕಾಸು ತೆಗೀತೀರೋ ಅಷ್ಟು ಪಾಲು. ಝಾವ್‌ಚೆಂಗ್‌ನ ಯುವಕ ಕೈಯಿಕ್ಕಿ ಏಳು ಕಾಸು ತೆಗೆದ.

ಬೆಳವಲದಾಂವ:

ಟ್ರಿಬ್ಯೂನಲ್‌ಗಿಂತ ಬ್ಯಾಗ ಆತು ಬಿಡ್ರಿ. ಕೈ ಒಂದು ಹೋತು ಅಷ್ಟ.

ಮಘೆಮಳೆ:

ತಡವಾಗಿ ಬಂದೆ. ಆಕಾಶದ ಡ್ರ್ಯಾಗನ್ ಬಗ್ಗೆ ಯಾರೂ ಹೇಳಲೇ ಇಲ್ಲ? ಚೀನೀಯರ ಪೂರ್ವ ದಿಕ್ಕಿನ ನಕ್ಷತ್ರಗಳೆಲ್ಲ ಸೇರಿ ಒಂದು ಹಸಿರು ಡ್ರ್ಯಾಗನ್. ಅದರ ಕೊಂಬು ನಮ್ಮ ಚಿತ್ತಾ, ಅದರ ಹೃದಯ ನಮ್ಮ ಜ್ಯೇಷ್ಠಾ. ಚಳಿಗಾಲದ ಸಂಜೆ ಆಕಾಶದಲ್ಲಿ ಅದು ಕಾಣಲ್ಲ. ವಸಂತ ಶುರುವಾದಾಗ ಸಂಜೆ ಹೊತ್ತು ಮೂಡಣದಲ್ಲಿ ಮೊದಲು ಕೊಂಬು ಏಳುತ್ತೆ. ಡ್ರ್ಯಾಗನ್ ಕಂಡಾಗ ಮಳೆಪೂಜೆ ಮಾಡಬೇಕು ಅಂತ ಅವರ ಹಳೇ ಚರಿತ್ರೆ ಗ್ರಂಥದಲ್ಲೇ ನಿಯಮ ಇದೆ. ಚಾಂದ್ರಮಾನ 2ನೇ ತಿಂಗಳ 2ನೇ ದಿನ 'ಡ್ರ್ಯಾಗನ್ ತಲೆ ಎತ್ತುವ ದಿನ' ಅನ್ನೋದಕ್ಕೂ ಇದೇ ಹಿನ್ನೆಲೆ. ನಾವು ಸೂರ್ಯ ಯಾವ ನಕ್ಷತ್ರದಲ್ಲಿ ಅಂತ ನೋಡಿ ರೋಹಿಣಿ ಮಳೆ, ಚಿತ್ತಾ ಮಳೆ ಅಂತೀವಿ. ಅವರು ಸಂಜೆ ಯಾವುದು ಏಳುತ್ತೆ ಅಂತ ನೋಡ್ತಿದ್ದರು. ಹಾಗಾಗಿ ನಮಗೆ ಚಿತ್ತಾ ಅಕ್ಟೋಬರಿನ ಮಳೆ, ಅವರಿಗೆ ಅದೇ ಚುಕ್ಕಿ ವಸಂತದ ಕರೆಗಂಟೆ.

ಹಗೇವು:

ಇದು ಗೊತ್ತೇ ಇರಲಿಲ್ಲ. ಇವತ್ತು ರಾತ್ರಿ ತಾರಸಿ ಹತ್ತೋದೇ.

ಅಂದ ಹಾಗೆ @ಚಾ_ಬಟ್ಟಲು, ಮುಂದಿನ ತಿಂಗಳು ಕೆಲಸದ ಮೇಲೆ ಹಾರ್ಬಿನ್ ಕಡೆ ಹೋಗ್ತಿದ್ದೀನಿ. ಅಲ್ಲಿ ಯಾವುದಾದರೂ ಡ್ರ್ಯಾಗನ್ ಗುಡಿ?

ಚಾ_ಬಟ್ಟಲು:

ಗುಡಿ ಇರಲಿ, ನೀವು ಹೋಗ್ತಿರೋ ಪ್ರಾಂತ್ಯದ ಹೆಸರೇ ಹೈಲುಂಗ್‌ಜಿಯಾಂಗ್, ಕರಿ ಡ್ರ್ಯಾಗನ್ ನದಿ! ಆ ನದಿಯ ಡ್ರ್ಯಾಗನ್‌ಗೆ ಜನರಿಟ್ಟ ಹೆಸರು ಬಾಲ ಮೋಟು ಲೀ. ಶಾಂಡಾಂಗ್‌ನ ಬಡ ಲೀ ಮನೆಯಲ್ಲಿ ಡ್ರ್ಯಾಗನ್ ಆಗಿ ಹುಟ್ಟಿದ್ದು, ಹೆದರಿದ ಅಪ್ಪ ಬಾಲ ಕತ್ತರಿಸಿದ, ಓಡಿಹೋಗಿ ಆ ನದಿ ಸೇರಿತು. ಅಲ್ಲೊಂದು ದುಷ್ಟ ಬಿಳಿ ಡ್ರ್ಯಾಗನ್ ಇತ್ತು. ಇಬ್ಬರಿಗೂ ಕಾಳಗ. ಶಾಂಡಾಂಗ್‌ನಿಂದ ವಲಸೆ ಬಂದಿದ್ದ ಜನ ದಡದಲ್ಲಿ ನಿಂತು, ಕಪ್ಪು ಅಲೆ ಎದ್ದಾಗ ಆವಿಯಲ್ಲಿ ಬೇಯಿಸಿದ ಬನ್ನು, ಬಿಳಿ ಅಲೆ ಎದ್ದಾಗ ಕಲ್ಲು ಎಸೆದರು. ಹೊಟ್ಟೆ ತುಂಬಿದ ಲೀ ಗೆದ್ದ. ಹಿಂದೆಲ್ಲ ದೋಣಿ ಬಿಡೋ ಮೊದಲು ಅಂಬಿಗ ಕೂಗಿ ಕೇಳ್ತಿದ್ದನಂತೆ, ಶಾಂಡಾಂಗ್‌ನವರು ಯಾರಾದರೂ ಇದ್ದೀರಾ ಅಂತ. ಇದ್ದರೂ ಇಲ್ಲದಿದ್ದರೂ ಎಲ್ಲರೂ 'ಇದ್ದೀವಿ' ಅನ್ನಬೇಕು. ಊರಿನವರು ಅಂದ್ರೆ ಲೀ ಅಲೆ ಎಬ್ಬಿಸಲ್ಲ. ನೀವೂ ಹೇಳಿಬಿಡಿ, ದಾವಣಗೆರೆ ಅಂತ ಯಾರು ಹುಡುಕ್ತಾರೆ.

ಡ್ರ್ಯಾಗನ್ ತಲೆ ಎತ್ತುವ ದಿನದ ವಿಷಯ ಬಂತಲ್ಲ, ನನ್ನ ಪಾಡು ಕೇಳಿ. ಆ ದಿನ ಸೂಜಿ ಮುಟ್ಟಬಾರದು, ಡ್ರ್ಯಾಗನ್ ಕಣ್ಣಿಗೆ ಚುಚ್ಚುತ್ತೆ ಅಂತ ಅತ್ತೆ. ಮಗನ ಯೂನಿಫಾರಂ ಗುಂಡಿ ಹಾಗೇ ಕಿತ್ತುಕೊಂಡು ನೇತಾಡ್ತಿತ್ತು, ಸೇಫ್ಟಿ ಪಿನ್ ಹಾಕಿದೆ. ಪಿನ್ನೂ ಚುಚ್ಚುತ್ತಲ್ಲ ಅಂದರು. ಕೊನೆಗೆ ಟೇಪು. ಕೂದಲು ಕತ್ತರಿಸೋಕೆ ಮಾತ್ರ ಅದೇ ಶುಭದಿನ, ಹೊಸ ವರ್ಷದಿಂದ ತಡೆದುಕೊಂಡಿದ್ದ ಇಡೀ ಬೀದಿ ಅವತ್ತೇ ಕ್ಷೌರದಂಗಡಿ ಮುಂದೆ. ಎರಡೂವರೆ ಗಂಟೆ ಕಾದೆವು. ಹೊರಗೆ ಬಂದಾಗ ತುಂತುರು ಬೀಳ್ತಿತ್ತು, ಅತ್ತೆ ಕೊಡೆ ಬಿಚ್ಚೋಕೆ ಬಿಡಲಿಲ್ಲ.